ದ್ವಿಶಕ್ತಿ ಸಿ.ಟಿ. ಚಿತ್ರಣ: ಕಾರ್ಯವಿಧಾನ, ವೈದ್ಯಕೀಯ ಉಪಯೋಗಗಳು ಮತ್ತು ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು
(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ದೇಹದ ಒಳಭಾಗವನ್ನು ಶಸ್ತ್ರಕ್ರಿಯೆ ಇಲ್ಲದೆ ನೋಡಲು ನೆರವಾಗುವ ಪರೀಕ್ಷೆಗಳಲ್ಲಿ ಸಿ.ಟಿ. ಸ್ಕ್ಯಾನ್ ಪ್ರಮುಖವಾದುದು. ಇದರ ಸುಧಾರಿತ ರೂಪವೇ ದ್ವಿಶಕ್ತಿ ಸಿ.ಟಿ. ಅಥವಾ ಡ್ಯುಯಲ್ ಎನರ್ಜಿ ಸಿ.ಟಿ. ಚಿತ್ರಣ. ಸಾಮಾನ್ಯ ಸಿ.ಟಿ. ಒಂದು ವಸ್ತು ದೇಹದಲ್ಲಿ ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬುದನ್ನು ತಿಳಿಸುತ್ತದೆ. ದ್ವಿಶಕ್ತಿ ಸಿ.ಟಿ. ಇದರೊಂದಿಗೆ ಆ ವಸ್ತು ಯಾವುದರಿಂದ ಆಗಿದೆ ಎಂಬುದನ್ನೂ ಬಹುಮಟ್ಟಿಗೆ ತಿಳಿಸಬಲ್ಲದು.

ಈ ವ್ಯತ್ಯಾಸವು ಕೆಲವು ರೋಗಿಗಳ ವಿಷಯದಲ್ಲಿ ಚಿಕಿತ್ಸೆಯನ್ನೇ ಬದಲಾಯಿಸುತ್ತದೆ. ಉದಾಹರಣೆಗೆ, ಮೂತ್ರಪಿಂಡದ ಕಲ್ಲು ಯೂರಿಕ್ ಆಮ್ಲದಿಂದ ಆಗಿದ್ದರೆ ಔಷಧದಿಂದಲೇ ಕರಗಿಸುವ ಅವಕಾಶವಿರುತ್ತದೆ. ಅದೇ ಕಲ್ಲು ಕ್ಯಾಲ್ಸಿಯಂನಿಂದ ಆಗಿದ್ದರೆ ಕರಗುವುದಿಲ್ಲ. ಅದು ತಾನಾಗಿ ಹೊರಬೀಳಬೇಕು, ಇಲ್ಲವೆ ಅದನ್ನು ಪುಡಿ ಮಾಡಿ ಅಥವಾ ಶಸ್ತ್ರಕ್ರಿಯೆಯ ಮೂಲಕ ತೆಗೆಯಬೇಕಾಗುತ್ತದೆ. ದಿನಗೂಲಿಯಿಂದ ಜೀವನ ನಡೆಸುವ ಕುಟುಂಬಕ್ಕೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಆದರೆ ಎಲ್ಲ ರೋಗಿಗಳಿಗೂ ಈ ಪರೀಕ್ಷೆಯ ಅಗತ್ಯವಿಲ್ಲ. ಯಾರಿಗೆ ಅಗತ್ಯ, ಯಾರಿಗೆ ಅಗತ್ಯವಿಲ್ಲ, ಪರೀಕ್ಷೆ ಪಡೆಯುವ ಕ್ರಮ ಹೇಗೆ ಎಂಬುದನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಸಾಮಾನ್ಯ ಸಿ.ಟಿ. ಸ್ಕ್ಯಾನ್ ಎಂದರೇನು?

1895ರಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ರಾಂಟ್ಜನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ದೇಹದ ಎಲ್ಲ ಭಾಗಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಹಿಂದಿನ ಭಾಗ ಮತ್ತು ಮುಂದಿನ ಭಾಗವನ್ನು ಬೇರ್ಪಡಿಸುವುದು ಕಷ್ಟ. ಈ ಕೊರತೆಯನ್ನು ನಿವಾರಿಸಿದ್ದು ಸಿ.ಟಿ. ಯಂತ್ರ. ಇದನ್ನು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರು ರೂಪಿಸಿದರು. ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರವನ್ನು ಈ ಯಂತ್ರದಿಂದ ತೆಗೆಯಲಾಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಹಾಗೂ ಇದಕ್ಕೆ ಬೇಕಾದ ಗಣಿತವನ್ನು ಒದಗಿಸಿದ ಅಲನ್ ಕಾರ್ಮ್ಯಾಕ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಸಿ.ಟಿ. ಯಂತ್ರದಲ್ಲಿ ರೋಗಿಯು ಮೇಜಿನ ಮೇಲೆ ಮಲಗಿರುತ್ತಾರೆ. ಒಂದು ಬದಿಯಲ್ಲಿ ಕ್ಷ-ಕಿರಣದ ನಳಿಕೆ, ಅದರ ಎದುರು ಬದಿಯಲ್ಲಿ ಕಿರಣಗಳನ್ನು ಅಳೆಯುವ ಡಿಟೆಕ್ಟರ್ ಇರುತ್ತವೆ. ಇವೆರಡೂ ರೋಗಿಯ ಸುತ್ತ ವೇಗವಾಗಿ ತಿರುಗುತ್ತವೆ. ಪ್ರತಿ ದಿಕ್ಕಿನಿಂದಲೂ ಎಷ್ಟು ಕಿರಣ ದೇಹದಲ್ಲಿ ಹೀರಲ್ಪಟ್ಟಿತು ಎಂಬುದನ್ನು ಗಣಕಯಂತ್ರವು ಲೆಕ್ಕಹಾಕಿ ದೇಹದ ಅಡ್ಡಕೊಯ್ತದ ಚಿತ್ರಗಳನ್ನು ರಚಿಸುತ್ತದೆ.

ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದು ಸಂಖ್ಯೆ ಇರುತ್ತದೆ. ಇದನ್ನು ಹೌನ್ಸ್‌ಫೀಲ್ಡ್ ಮಾನ ಎನ್ನುತ್ತಾರೆ. ಈ ಮಾನದಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000 ಎಂದು ನಿಗದಿಯಾಗಿದೆ. ಕೊಬ್ಬು ನೀರಿಗಿಂತ ಸ್ವಲ್ಪ ಕೆಳಗೆ, ಮೂಳೆಯು ನೀರಿಗಿಂತ ಬಹಳ ಮೇಲೆ ಬರುತ್ತದೆ.

3. ಸಾಮಾನ್ಯ ಸಿ.ಟಿ.ಯ ಮಿತಿ

ಎರಡು ಬೇರೆ ಬೇರೆ ವಸ್ತುಗಳು ಕೆಲವೊಮ್ಮೆ ಒಂದೇ ಸಂಖ್ಯೆಯನ್ನು ತೋರಿಸುತ್ತವೆ. ರಕ್ತನಾಳದೊಳಗೆ ಚುಚ್ಚುಮದ್ದಿನ ಮೂಲಕ ಹರಿಸಿದ ಅಯೋಡಿನ್ ಔಷಧ ಮತ್ತು ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಂಡ ಸುಣ್ಣದ ಅಂಶ ಚಿತ್ರದಲ್ಲಿ ಒಂದೇ ಬಿಳುಪಾಗಿ ಕಾಣಬಹುದು. ಯೂರಿಕ್ ಆಮ್ಲದ ದೊಡ್ಡ ಕಲ್ಲು ಮತ್ತು ಕ್ಯಾಲ್ಸಿಯಂನ ಸಣ್ಣ ಕಲ್ಲು ಒಂದೇ ಮಾನ ತೋರಿಸಬಹುದು. ಇಂತಹ ಸಂದರ್ಭದಲ್ಲಿ ಒಂದೇ ಅಳತೆಯಿಂದ ಅವುಗಳನ್ನು ಬೇರ್ಪಡಿಸಲಾಗುವುದಿಲ್ಲ.

ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಚೀಲದಲ್ಲಿ ಜೋಳ ಮತ್ತು ಶೇಂಗಾ ಬೆರೆತಿವೆ. ಒಟ್ಟು ತೂಕ 100 ಕಿಲೋ ಎಂದು ಮಾತ್ರ ಗೊತ್ತು. ಈ ಒಂದು ಅಂಕಿಯಿಂದ ಜೋಳ ಎಷ್ಟು, ಶೇಂಗಾ ಎಷ್ಟು ಎಂದು ಹೇಳಲು ಸಾಧ್ಯವಿಲ್ಲ. ಜೋಳದ ದರ ಕಿಲೋಗೆ 30 ರೂಪಾಯಿ, ಶೇಂಗಾ ದರ ಕಿಲೋಗೆ 70 ರೂಪಾಯಿ, ಚೀಲದ ಒಟ್ಟು ಬೆಲೆ 4,200 ರೂಪಾಯಿ ಎಂಬ ಎರಡನೆಯ ಅಂಕಿಯೂ ದೊರೆತರೆ ಉತ್ತರ ಒಂದೇ: ಜೋಳ 70 ಕಿಲೋ, ಶೇಂಗಾ 30 ಕಿಲೋ. ಗೊತ್ತಿಲ್ಲದ ಎರಡು ಅಂಶಗಳನ್ನು ತಿಳಿಯಲು ಎರಡು ಅಳತೆಗಳು ಬೇಕು. ದ್ವಿಶಕ್ತಿ ಸಿ.ಟಿ.ಯ ಮೂಲತತ್ವವೂ ಇದೇ ಆಗಿದೆ.

4. ದ್ವಿಶಕ್ತಿ ಸಿ.ಟಿ. ಹೇಗೆ ಕೆಲಸ ಮಾಡುತ್ತದೆ?

ದ್ವಿಶಕ್ತಿ ಪರೀಕ್ಷೆಯಲ್ಲಿ ದೇಹದ ಒಂದೇ ಭಾಗವನ್ನು ಎರಡು ಬಗೆಯ ಕ್ಷ-ಕಿರಣಗಳಿಂದ ಅಳೆಯಲಾಗುತ್ತದೆ. ಸಾಮಾನ್ಯವಾಗಿ ಒಂದು ಕಿರಣವನ್ನು 80 ಕಿಲೋವೋಲ್ಟ್‌ನಲ್ಲಿಯೂ ಮತ್ತೊಂದನ್ನು 140 ಕಿಲೋವೋಲ್ಟ್‌ನಲ್ಲಿಯೂ ಉತ್ಪಾದಿಸಲಾಗುತ್ತದೆ. ಮೊದಲನೆಯದು ಕಡಿಮೆ ಶಕ್ತಿಯ ಕಿರಣ, ಎರಡನೆಯದು ಹೆಚ್ಚು ಶಕ್ತಿಯ ಕಿರಣ.

ಕ್ಷ-ಕಿರಣವು ದೇಹದಲ್ಲಿ ಮುಖ್ಯವಾಗಿ ಎರಡು ರೀತಿಯಲ್ಲಿ ಕ್ಷೀಣಿಸುತ್ತದೆ.

(ಅ) ದ್ಯುತಿವಿದ್ಯುತ್ ಪರಿಣಾಮ: ಕಿರಣವನ್ನು ಪರಮಾಣು ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಇದು ವಸ್ತುವಿನ ಪರಮಾಣು ಸಂಖ್ಯೆಯನ್ನು ಬಲವಾಗಿ ಅವಲಂಬಿಸಿದೆ. ಕಿರಣದ ಶಕ್ತಿ ಹೆಚ್ಚಿದಂತೆ ಈ ಪರಿಣಾಮ ಬೇಗನೆ ಕಡಿಮೆಯಾಗುತ್ತದೆ.

(ಆ) ಕಾಂಪ್ಟನ್ ಚದುರುವಿಕೆ: ಕಿರಣವು ಎಲೆಕ್ಟ್ರಾನ್‌ಗೆ ತಾಗಿ ದಿಕ್ಕು ಬದಲಿಸುತ್ತದೆ. ಇದು ಮುಖ್ಯವಾಗಿ ವಸ್ತುವಿನ ಸಾಂದ್ರತೆಯನ್ನು ಅವಲಂಬಿಸಿದೆ. ಕಿರಣದ ಶಕ್ತಿ ಬದಲಾದರೂ ಇದರಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ದೇಹದ ಮೃದು ಭಾಗಗಳು ಹೆಚ್ಚಾಗಿ ಜಲಜನಕ, ಇಂಗಾಲ, ಸಾರಜನಕ ಮತ್ತು ಆಮ್ಲಜನಕಗಳಿಂದ ಆಗಿವೆ. ಇವುಗಳ ಪರಮಾಣು ಸಂಖ್ಯೆ ಕ್ರಮವಾಗಿ 1, 6, 7 ಮತ್ತು 8. ಯೂರಿಕ್ ಆಮ್ಲವೂ ಈ ನಾಲ್ಕು ಧಾತುಗಳಿಂದಲೇ ಆಗಿದೆ. ಆದ್ದರಿಂದ ಎರಡು ಶಕ್ತಿಗಳಲ್ಲಿ ಅಳೆದರೂ ಅದರ ಮಾನದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20, ಅಯೋಡಿನ್‌ನದು 53. ಇವು ಕಡಿಮೆ ಶಕ್ತಿಯ ಕಿರಣವನ್ನು ಹೆಚ್ಚು ಹೀರಿಕೊಳ್ಳುವುದರಿಂದ 80 ಕಿಲೋವೋಲ್ಟ್ ಚಿತ್ರದಲ್ಲಿ ಇವುಗಳ ಮಾನ ಗಣನೀಯವಾಗಿ ಏರುತ್ತದೆ. ಅಯೋಡಿನ್ ವಿಷಯದಲ್ಲಿ ಇದು 140 ಕಿಲೋವೋಲ್ಟ್ ಚಿತ್ರದ ಮಾನದ ಸುಮಾರು ಎರಡರಷ್ಟಾಗುತ್ತದೆ.

ಗಣಕಯಂತ್ರವು ಎರಡೂ ಮಾನಗಳನ್ನು ಹೋಲಿಸಿ, ಪ್ರತಿ ಬಿಂದುವಿನಲ್ಲಿರುವ ವಸ್ತು ಯಾವ ಗುಂಪಿಗೆ ಸೇರಿದೆ ಎಂದು ಲೆಕ್ಕಹಾಕಿ ಬಣ್ಣಗಳ ಮೂಲಕ ಗುರುತಿಸುತ್ತದೆ. ವರದಿಯಲ್ಲಿ ಕಾಣುವ ಬಣ್ಣದ ಚಿತ್ರಗಳು ಹೀಗೆ ರಚಿತವಾದವು. ಬಣ್ಣವು ದೇಹದೊಳಗಿನ ನಿಜವಾದ ಬಣ್ಣವಲ್ಲ.

5. ಈ ವಿಧಾನ ಬೆಳೆದು ಬಂದ ಬಗೆ ಮತ್ತು ಯಂತ್ರಗಳ ವಿಧಗಳು

ಎರಡು ಶಕ್ತಿಗಳಲ್ಲಿ ಚಿತ್ರ ತೆಗೆದು ವಸ್ತುಗಳನ್ನು ಗುರುತಿಸಬಹುದೆಂಬ ವಿಚಾರವನ್ನು ಹೌನ್ಸ್‌ಫೀಲ್ಡ್ ಅವರೇ 1973ರ ತಮ್ಮ ಲೇಖನದಲ್ಲಿ ಸೂಚಿಸಿದ್ದರು. 1976ರಲ್ಲಿ ಅಮೆರಿಕದ ಆಲ್ವಾರೆಜ್ ಮತ್ತು ಮಕೋವ್‌ಸ್ಕಿ ಅವರು ಇದರ ಗಣಿತವನ್ನು ವಿವರಿಸಿದರು. ಆದರೆ ಆಗಿನ ಯಂತ್ರಗಳು ನಿಧಾನವಾಗಿದ್ದವು. ಎರಡು ಚಿತ್ರಗಳ ನಡುವೆ ರೋಗಿ ಉಸಿರಾಡಿದರೂ ಲೆಕ್ಕ ತಪ್ಪುತ್ತಿತ್ತು. 2006ರ ವೇಳೆಗೆ ಎರಡು ನಳಿಕೆಗಳುಳ್ಳ ವೇಗದ ಯಂತ್ರಗಳು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಮೇಲೆ ಈ ವಿಧಾನ ರೂಢಿಗೆ ಬಂದಿತು. ಈಗ ಬಳಕೆಯಲ್ಲಿರುವ ಮುಖ್ಯ ವಿಧಗಳು ಹೀಗಿವೆ:

(1) ಎರಡು ನಳಿಕೆ ಮತ್ತು ಎರಡು ಡಿಟೆಕ್ಟರ್‌ಗಳು ಒಟ್ಟಿಗೆ ತಿರುಗುವ ಯಂತ್ರ.
(2) ಒಂದೇ ನಳಿಕೆಯ ವೋಲ್ಟೇಜನ್ನು ಅತಿ ವೇಗವಾಗಿ ಏರಿಸಿ ಇಳಿಸುವ ಯಂತ್ರ.
(3) ಒಂದೇ ಕಿರಣವನ್ನು ಬಳಸಿ, ಡಿಟೆಕ್ಟರ್‌ನ ಮೇಲಿನ ಪದರದಲ್ಲಿ ಕಡಿಮೆ ಶಕ್ತಿಯನ್ನೂ ಕೆಳಗಿನ ಪದರದಲ್ಲಿ ಹೆಚ್ಚು ಶಕ್ತಿಯನ್ನೂ ಅಳೆಯುವ ಯಂತ್ರ.
(4) ಒಂದೇ ಭಾಗವನ್ನು ಒಂದರ ನಂತರ ಒಂದರಂತೆ ಎರಡು ಬಾರಿ ಅಳೆಯುವ ಯಂತ್ರ.

ಕಿರಣದ ಪ್ರತಿಯೊಂದು ಕಣವನ್ನೂ ಎಣಿಸಿ ಅದರ ಶಕ್ತಿಯನ್ನು ಗುರುತಿಸುವ ಫೋಟಾನ್ ಎಣಿಕೆಯ ಸಿ.ಟಿ. ಯಂತ್ರಕ್ಕೆ 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ನೀಡಿದೆ. ಇದು ಈ ವಿಧಾನದ ಮುಂದಿನ ಹಂತವಾಗಿದೆ.

6. ವೈದ್ಯಕೀಯ ಉಪಯೋಗಗಳು

6.1 ಮೂತ್ರಪಿಂಡದ ಕಲ್ಲು

ಬಿಸಿಲಿನಲ್ಲಿ ದುಡಿದು ಸಾಕಷ್ಟು ನೀರು ಕುಡಿಯದವರಲ್ಲಿ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಈ ಐದು ತಾಲ್ಲೂಕುಗಳು ಬಯಲುಸೀಮೆಗೆ ಸೇರಿದ್ದು, ಬೇಸಿಗೆಯಲ್ಲಿ ಹೊಲಗಳಲ್ಲಿ ಮತ್ತು ಕಟ್ಟಡ ಕೆಲಸಗಳಲ್ಲಿ ದುಡಿಯುವವರು ಈ ವಿಷಯವನ್ನು ಗಮನಿಸಬೇಕು. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಕಲ್ಲುಗಳು. ಸುಮಾರು ಹತ್ತರಲ್ಲಿ ಒಂದು ಯೂರಿಕ್ ಆಮ್ಲದ ಕಲ್ಲು. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇರುವವರಲ್ಲಿ ಈ ಎರಡನೆಯ ಬಗೆಯ ಪ್ರಮಾಣ ಹೆಚ್ಚು.

ಶುದ್ಧ ಯೂರಿಕ್ ಆಮ್ಲದ ಕಲ್ಲನ್ನು ದ್ವಿಶಕ್ತಿ ಸಿ.ಟಿ.ಯು ಇತರ ಕಲ್ಲುಗಳಿಂದ ಹೆಚ್ಚಿನ ನಿಖರತೆಯೊಂದಿಗೆ ಬೇರ್ಪಡಿಸುತ್ತದೆ. 3 ಮಿ.ಮೀ.ಗಿಂತ ಸಣ್ಣ ಕಲ್ಲುಗಳಲ್ಲಿ ಹಾಗೂ ಎರಡೂ ವಸ್ತುಗಳು ಬೆರೆತ ಕಲ್ಲುಗಳಲ್ಲಿ ಫಲಿತಾಂಶ ಅಷ್ಟು ಖಚಿತವಲ್ಲ. ಯೂರಿಕ್ ಆಮ್ಲದ ಕಲ್ಲೆಂದು ಖಚಿತವಾದಲ್ಲಿ, ಮೂತ್ರದ ಆಮ್ಲೀಯತೆಯನ್ನು ಕಡಿಮೆ ಮಾಡುವ ಪೊಟ್ಯಾಸಿಯಂ ಸಿಟ್ರೇಟ್‌ನಂತಹ ಔಷಧದಿಂದ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಕರಗಿಸಲು ವೈದ್ಯರು ಪ್ರಯತ್ನಿಸಬಹುದು. ಮೂತ್ರಪಿಂಡದ ಕೆಲಸ ಕುಂದಿರುವವರಿಗೆ ಈ ಔಷಧ ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರ ಸಲಹೆ ಇಲ್ಲದೆ ಸೇವಿಸಬಾರದು. ಕಲ್ಲಿನ ಬಗೆ ತಿಳಿಯಲು ನಡೆಸುವ ಈ ಪರೀಕ್ಷೆಗೆ ಸಾಮಾನ್ಯವಾಗಿ ಚುಚ್ಚುಮದ್ದಿನ ಅಗತ್ಯವಿರುವುದಿಲ್ಲ.

ಮುಖ್ಯ ಸೂಚನೆ: ಕಲ್ಲಿನ ನೋವಿನೊಂದಿಗೆ ಜ್ವರ ಅಥವಾ ಚಳಿ ಬಂದಲ್ಲಿ, ಮೂತ್ರ ಕಟ್ಟಿದಲ್ಲಿ, ಅಥವಾ ಒಂದೇ ಮೂತ್ರಪಿಂಡ ಇರುವವರಿಗೆ ನೋವು ಬಂದಲ್ಲಿ ಅದು ತುರ್ತು ಸಂದರ್ಭ. ಯಾವುದೇ ವಿಶೇಷ ಸ್ಕ್ಯಾನ್‌ಗಾಗಿ ಕಾಯದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗತಕ್ಕದ್ದು ಅಥವಾ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು.

6.2 ಗೌಟ್

ಗೌಟ್ ಎಂಬ ಕೀಲುರೋಗದಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲುಗಳಲ್ಲಿ ಶೇಖರವಾಗುತ್ತವೆ. ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ತೀವ್ರ ನೋವು ಬರುವುದು ಇದರ ಸಾಮಾನ್ಯ ಲಕ್ಷಣ. ಕೀಲಿನ ನೀರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಖಚಿತ ಪರೀಕ್ಷೆ. ಅದು ಸಾಧ್ಯವಾಗದಿದ್ದಾಗ ದ್ವಿಶಕ್ತಿ ಸಿ.ಟಿ.ಯು ಹರಳುಗಳ ಶೇಖರಣೆಯನ್ನು ಬಣ್ಣದಲ್ಲಿ ತೋರಿಸುತ್ತದೆ. 2015ರಲ್ಲಿ ಅಮೆರಿಕ ಮತ್ತು ಯುರೋಪಿನ ಕೀಲುರೋಗ ತಜ್ಞರ ಸಂಸ್ಥೆಗಳು ಪ್ರಕಟಿಸಿದ ಗೌಟ್ ವರ್ಗೀಕರಣ ಮಾನದಂಡಗಳಲ್ಲಿ ಈ ಪರೀಕ್ಷೆಯೂ ಸೇರಿದೆ. ರೋಗ ಆರಂಭವಾದ ಹೊಸತರಲ್ಲಿ ಹರಳುಗಳು ಕಡಿಮೆ ಇರುವುದರಿಂದ ಪರೀಕ್ಷೆಯಲ್ಲಿ ಕಾಣದಿರಬಹುದು. ಉಗುರು ಮತ್ತು ದಪ್ಪ ಚರ್ಮ ತಪ್ಪಾಗಿ ಹರಳಿನ ಬಣ್ಣ ತೋರಿಸುವುದೂ ಉಂಟು.

6.3 ಶ್ವಾಸಕೋಶದ ರಕ್ತನಾಳಗಳು

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಬಂದು ರಕ್ತನಾಳವನ್ನು ಮುಚ್ಚಿದರೆ ಜೀವಕ್ಕೆ ಅಪಾಯ. ಸಾಮಾನ್ಯ ಸಿ.ಟಿ.ಯಲ್ಲಿ ಹೆಪ್ಪು ಕಾಣುತ್ತದೆ. ದ್ವಿಶಕ್ತಿ ವಿಧಾನದಲ್ಲಿ ಅಯೋಡಿನ್ ಹಂಚಿಕೆಯ ನಕ್ಷೆಯನ್ನು ಪಡೆದು, ಶ್ವಾಸಕೋಶದ ಯಾವ ಭಾಗಕ್ಕೆ ರಕ್ತ ತಲುಪುತ್ತಿಲ್ಲ ಎಂಬುದನ್ನೂ ಗುರುತಿಸಬಹುದು.

6.4 ಮೆದುಳು

ಪಾರ್ಶ್ವವಾಯುವಿನ ರೋಗಿಗೆ ರಕ್ತನಾಳದ ಮೂಲಕ ಹೆಪ್ಪು ತೆಗೆದ ನಂತರ ನಡೆಸುವ ಸಿ.ಟಿ.ಯಲ್ಲಿ ಬಿಳಿಯ ಭಾಗ ಕಂಡರೆ ಅದು ಹೊಸ ರಕ್ತಸ್ರಾವವೇ ಅಥವಾ ಚಿಕಿತ್ಸೆಯ ವೇಳೆ ಹರಿಸಿದ ಅಯೋಡಿನ್ ಸೋರಿಕೆಯೇ ಎಂಬ ಪ್ರಶ್ನೆ ಏಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬುದು ಈ ಉತ್ತರವನ್ನು ಅವಲಂಬಿಸಿದೆ. ದ್ವಿಶಕ್ತಿ ಸಿ.ಟಿ. ಇವೆರಡನ್ನೂ ಬೇರ್ಪಡಿಸಲು ನೆರವಾಗುತ್ತದೆ.

6.5 ಮೂಳೆಗಳು

ಗಣಕಯಂತ್ರದಿಂದ ಚಿತ್ರದಲ್ಲಿನ ಕ್ಯಾಲ್ಸಿಯಂ ಅಂಶವನ್ನು ಕಳೆದು, ಮೂಳೆಯ ಮಜ್ಜೆಯಲ್ಲಿ ಪೆಟ್ಟಿನಿಂದಾದ ಊತವನ್ನು ನೋಡಬಹುದು. ಸಾಮಾನ್ಯವಾಗಿ ಇದಕ್ಕೆ ಎಂ.ಆರ್.ಐ. ಪರೀಕ್ಷೆ ಬಳಸುತ್ತಾರೆ. ಹೃದಯದಲ್ಲಿ ಪೇಸ್‌ಮೇಕರ್ ಇರುವಂತಹ ಕಾರಣಗಳಿಂದ ಎಂ.ಆರ್.ಐ. ಸಾಧ್ಯವಾಗದವರಿಗೆ ಇದು ಅನುಕೂಲ. ದೇಹದಲ್ಲಿ ಅಳವಡಿಸಿದ ಲೋಹದ ಸಲಾಕೆ, ತಿರುಪುಗಳ ಸುತ್ತ ಉಂಟಾಗುವ ಚಿತ್ರದ ಮಸುಕನ್ನು ಕಡಿಮೆ ಮಾಡಲೂ ಈ ವಿಧಾನ ಉಪಯುಕ್ತ.

6.6 ಗಡ್ಡೆಗಳು ಮತ್ತು ಇತರೆ

ಮೂತ್ರಪಿಂಡ ಅಥವಾ ಯಕೃತ್ತಿನಲ್ಲಿ ಕಂಡ ಗಂಟು ಅಯೋಡಿನ್ ಹೀರಿಕೊಂಡಿದೆಯೇ ಎಂಬುದರಿಂದ ಅದು ನೀರುಗುಳ್ಳೆಯೇ ಅಥವಾ ಗಡ್ಡೆಯೇ ಎಂದು ತಿಳಿಯಲು ಸಹಾಯವಾಗುತ್ತದೆ. ಅಯೋಡಿನ್ ಅಂಶವನ್ನು ಲೆಕ್ಕದಿಂದ ಕಳೆದ ಚಿತ್ರವನ್ನು ಪಡೆಯುವುದರಿಂದ, ಕೆಲವು ಸಂದರ್ಭಗಳಲ್ಲಿ ಚುಚ್ಚುಮದ್ದಿಗೆ ಮುಂಚಿನ ಪ್ರತ್ಯೇಕ ಸ್ಕ್ಯಾನ್ ಅನ್ನು ಕೈಬಿಡಬಹುದು.

7. ಈ ಪರೀಕ್ಷೆ ಅಗತ್ಯವಿಲ್ಲದ ಸಂದರ್ಭಗಳು

(ಅ) ತಲೆಗೆ ಪೆಟ್ಟು, ಮೂಳೆ ಮುರಿತ, ಕರುಳುವಾಳದ ಉರಿಯೂತ ಮುಂತಾದ ಹೆಚ್ಚಿನ ಸಂದರ್ಭಗಳಲ್ಲಿ ಸಾಮಾನ್ಯ ಕ್ಷ-ಕಿರಣ, ಅಲ್ಟ್ರಾಸೌಂಡ್ ಅಥವಾ ಸಾಮಾನ್ಯ ಸಿ.ಟಿ. ಸಾಕಾಗುತ್ತದೆ. ಅಪಘಾತದ ಗಾಯಾಳುವನ್ನು ವಿಶೇಷ ಯಂತ್ರವಿರುವ ದೂರದ ಊರಿಗೆ ಒಯ್ಯಲು ಕಾಲಹರಣ ಮಾಡಬಾರದು.

(ಆ) ಫ್ಲೋರೋಸಿಸ್: ಕೂಡ್ಲಿಗಿ ಮೊದಲಾದ ಈ ಭಾಗದ ಕೆಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ ಎಂದು ಭಾರತೀಯ ಮಾನಕದಲ್ಲಿ ನಿಗದಿಯಾಗಿದೆ. ಹಲ್ಲಿನ ಮೇಲಿನ ಕಂದು ಕಲೆ, ಬೆನ್ನು ಮತ್ತು ಕೀಲುಗಳ ಬಿಗಿತ ಇರುವವರಿಗೆ ಮೊದಲು ಬೇಕಾದುದು ಕುಡಿಯುವ ನೀರಿನ ಪರೀಕ್ಷೆ, ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಸಾಧಾರಣ ಕ್ಷ-ಕಿರಣ ಚಿತ್ರ. ಇದಕ್ಕಾಗಿ ದ್ವಿಶಕ್ತಿ ಸಿ.ಟಿ.ಗೆ ಹಣ ವೆಚ್ಚ ಮಾಡುವ ಅಗತ್ಯವಿಲ್ಲ.

(ಇ) ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗದಿದ್ದಲ್ಲಿ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಉದಾಹರಣೆಗೆ, 4 ಮಿ.ಮೀ. ಗಾತ್ರದ ಕಲ್ಲು ಹೆಚ್ಚಿನವರಲ್ಲಿ ತಾನಾಗಿಯೇ ಹೊರಬೀಳುತ್ತದೆ.

8. ಕಡಿಮೆ ವೆಚ್ಚದ ಪರ್ಯಾಯಗಳು

ದ್ವಿಶಕ್ತಿ ಸೌಲಭ್ಯವು ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಿ ಮಾತ್ರ ಇರುವುದರಿಂದ, ಕಲ್ಲಿನ ಬಗೆಯನ್ನು ತಿಳಿಯಲು ಸ್ಥಳೀಯವಾಗಿ ದೊರೆಯುವ ಈ ಕೆಳಕಂಡ ಮಾರ್ಗಗಳನ್ನು ಮೊದಲು ವಿಚಾರಿಸುವುದು ಸೂಕ್ತ:

(1) ಹೊರಬಿದ್ದ ಕಲ್ಲನ್ನು ಎಸೆಯಬಾರದು. ಬಟ್ಟೆ ಅಥವಾ ಸೋಸುಕದ ಮೂಲಕ ಮೂತ್ರವನ್ನು ಸೋಸಿ ಕಲ್ಲನ್ನು ಸಂಗ್ರಹಿಸಿ, ಒಣಗಿಸಿ, ಸ್ವಚ್ಛ ಡಬ್ಬಿಯಲ್ಲಿಟ್ಟು ವೈದ್ಯರಿಗೆ ನೀಡತಕ್ಕದ್ದು. ಪ್ರಯೋಗಾಲಯದಲ್ಲಿ ಅದನ್ನೇ ನೇರವಾಗಿ ವಿಶ್ಲೇಷಿಸಬಹುದು.
(2) ಮೂತ್ರದ ಆಮ್ಲೀಯತೆಯ ಪರೀಕ್ಷೆ. ಪಿ.ಎಚ್. ಮಾನವು ಸದಾ 5.5ಕ್ಕಿಂತ ಕಡಿಮೆ ಇದ್ದಲ್ಲಿ ಯೂರಿಕ್ ಆಮ್ಲದ ಕಲ್ಲಿನ ಸಂಭವ ಹೆಚ್ಚು.
(3) ಅಲ್ಟ್ರಾಸೌಂಡ್‌ನಲ್ಲಿ ಕಂಡ ಕಲ್ಲು ಸಾಧಾರಣ ಕ್ಷ-ಕಿರಣದಲ್ಲಿ ಕಾಣದಿದ್ದಲ್ಲಿ ಅದು ಯೂರಿಕ್ ಆಮ್ಲದ್ದಾಗಿರುವ ಸಾಧ್ಯತೆ ಇದೆ.
(4) ಈಗಾಗಲೇ ಸಾಮಾನ್ಯ ಸಿ.ಟಿ. ಆಗಿದ್ದಲ್ಲಿ, ಕಲ್ಲಿನ ಹೌನ್ಸ್‌ಫೀಲ್ಡ್ ಮಾನವನ್ನು ವರದಿಯಲ್ಲಿ ನಮೂದಿಸಲು ಕೋರಬಹುದು. ಯೂರಿಕ್ ಆಮ್ಲದ ಕಲ್ಲುಗಳ ಮಾನ ಹೆಚ್ಚಾಗಿ 500ಕ್ಕಿಂತ ಕಡಿಮೆ ಇರುತ್ತದೆ.

ಇವುಗಳಿಂದಲೂ ನಿರ್ಧಾರವಾಗದೆ, ಶಸ್ತ್ರಕ್ರಿಯೆಯ ಪ್ರಶ್ನೆ ಎದುರಾದಾಗ ದ್ವಿಶಕ್ತಿ ಸಿ.ಟಿ. ಬಗ್ಗೆ ಮೂತ್ರರೋಗ ತಜ್ಞರೊಂದಿಗೆ ಚರ್ಚಿಸತಕ್ಕದ್ದು.

9. ವಿಕಿರಣ ಮತ್ತು ಚುಚ್ಚುಮದ್ದಿನ ಬಗ್ಗೆ ಎಚ್ಚರಿಕೆಗಳು

ನಿಸರ್ಗದಿಂದ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ ಎಂಬುದು ಜಾಗತಿಕ ಅಂದಾಜು. ಹೊಟ್ಟೆಯ ಸಾಮಾನ್ಯ ಸಿ.ಟಿ.ಯಿಂದ ಸುಮಾರು 8ರಿಂದ 10 ಮಿಲಿಸೀವರ್ಟ್ ತಗಲುತ್ತದೆ. ಕಲ್ಲಿಗಾಗಿ ನಡೆಸುವ ಕಡಿಮೆ ಪ್ರಮಾಣದ ಸ್ಕ್ಯಾನ್‌ನಲ್ಲಿ ಇದನ್ನು ಸುಮಾರು 3 ಮಿಲಿಸೀವರ್ಟ್‌ಗೆ ಇಳಿಸಬಹುದು. ಸರಿಯಾಗಿ ನಡೆಸಿದ ದ್ವಿಶಕ್ತಿ ಪರೀಕ್ಷೆಯ ವಿಕಿರಣ ಸಾಮಾನ್ಯ ಸಿ.ಟಿ.ಯಷ್ಟೇ ಇರುತ್ತದೆ. ಎರಡು ಶಕ್ತಿ ಎಂದರೆ ಎರಡರಷ್ಟು ವಿಕಿರಣ ಎಂದು ಭಾವಿಸಬೇಕಿಲ್ಲ. ಆದರೂ ಅನಗತ್ಯವಾಗಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಬಾರದು.

ಕೆಳಕಂಡ ವಿಷಯಗಳನ್ನು ಪರೀಕ್ಷೆಗೆ ಮುನ್ನ ಕಡ್ಡಾಯವಾಗಿ ತಿಳಿಸತಕ್ಕದ್ದು:

- ಗರ್ಭಿಣಿಯಾಗಿದ್ದಲ್ಲಿ ಅಥವಾ ಮುಟ್ಟು ತಪ್ಪಿದ್ದಲ್ಲಿ.
- ಈ ಹಿಂದೆ ಅಯೋಡಿನ್ ಚುಚ್ಚುಮದ್ದಿನಿಂದ ಮೈ ತುರಿಕೆ, ಉಸಿರಾಟದ ತೊಂದರೆ ಆಗಿದ್ದಲ್ಲಿ.
- ಮೂತ್ರಪಿಂಡದ ಕಾಯಿಲೆ, ಅಸ್ತಮಾ ಅಥವಾ ಥೈರಾಯ್ಡ್ ತೊಂದರೆ ಇದ್ದಲ್ಲಿ.
- ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದಲ್ಲಿ. ಈ ಮಾತ್ರೆಯನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ರೋಗಿಗಳು ತಾವಾಗಿಯೇ ನಿಲ್ಲಿಸಬಾರದು.

10. ಪರೀಕ್ಷೆ ಪಡೆಯುವ ಕ್ರಮ

(ಅ) ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ವೈದ್ಯರ ಲಿಖಿತ ಸಲಹೆ ಇಲ್ಲದೆ ನೇರವಾಗಿ ಸ್ಕ್ಯಾನ್ ಕೇಂದ್ರಕ್ಕೆ ಹೋಗುವುದು ಸೂಕ್ತವಲ್ಲ.

(ಆ) ಹೆಚ್ಚಿನ ತಪಾಸಣೆ ಅಗತ್ಯವಿದ್ದಲ್ಲಿ ವೈದ್ಯರು ಶಿಫಾರಸು ಪತ್ರ ನೀಡುತ್ತಾರೆ. ಹಿಂದೆ ವಿಮ್ಸ್ ಎಂದು ಹೆಸರಾಗಿದ್ದ, 1961ರಲ್ಲಿ ಆರಂಭವಾದ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರದ ಆಸ್ಪತ್ರೆ ಈ ಭಾಗದ ದೊಡ್ಡ ಸರ್ಕಾರಿ ಆಸ್ಪತ್ರೆ. ಹರಪನಹಳ್ಳಿ ತಾಲ್ಲೂಕಿನವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಹತ್ತಿರ. ಹುಬ್ಬಳ್ಳಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಸಿ.ಟಿ. ಯಂತ್ರವಿರುವ ಎಲ್ಲ ಕಡೆಯೂ ದ್ವಿಶಕ್ತಿ ಸೌಲಭ್ಯ ಇರುವುದಿಲ್ಲವಾದ್ದರಿಂದ, ಹೊರಡುವ ಮುನ್ನ ದೂರವಾಣಿ ಮೂಲಕ ವಿಚಾರಿಸಿಕೊಳ್ಳುವುದರಿಂದ ಪ್ರಯಾಣದ ವೆಚ್ಚ ಮತ್ತು ಒಂದು ದಿನದ ಕೂಲಿ ಉಳಿಯುತ್ತದೆ.

(ಇ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ಸಹಾಯ ದೊರೆಯುತ್ತದೆ. ಸ್ಕ್ಯಾನ್ ವೆಚ್ಚವು ಚಿಕಿತ್ಸೆಯ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಮುಂಚಿತವಾಗಿ ಕೇಳಿ ತಿಳಿಯತಕ್ಕದ್ದು. ಹಣ ಪಾವತಿಸಿದ ನಂತರ ಕೇಳಿದರೆ ಪ್ರಯೋಜನವಾಗದಿರಬಹುದು.

(ಈ) ಖಾಸಗಿ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿಸುವುದಾದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರ ಪ್ರಕಾರ ದರಗಳನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರದರ್ಶಿಸಬೇಕಾಗಿರುತ್ತದೆ. ದರಪಟ್ಟಿಯನ್ನು ನೋಡಿ, ಪಾವತಿಸಿದ ಹಣಕ್ಕೆ ರಸೀದಿ ಪಡೆಯತಕ್ಕದ್ದು. ಕ್ಷ-ಕಿರಣ ಮತ್ತು ಸಿ.ಟಿ. ಯಂತ್ರಗಳ ಸುರಕ್ಷತೆಯನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಿಯಂತ್ರಿಸುತ್ತದೆ.

11. ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು

(1) ವೈದ್ಯರ ಶಿಫಾರಸು ಪತ್ರ. ಇದರಲ್ಲಿ ಪರೀಕ್ಷೆಯಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಸ್ಪಷ್ಟವಾಗಿರಬೇಕು. ಉದಾಹರಣೆಗೆ: "ಕಲ್ಲು ಯೂರಿಕ್ ಆಮ್ಲದ್ದೇ ಎಂಬುದನ್ನು ತಿಳಿಯಲು."
(2) ಪಡಿತರ ಚೀಟಿ, ಆಧಾರ್ ಕಾರ್ಡ್ ಮತ್ತು ಆರೋಗ್ಯ ಕಾರ್ಡ್ ಇದ್ದಲ್ಲಿ ಅದರ ಪ್ರತಿ.
(3) ಹಿಂದಿನ ಎಲ್ಲ ಸ್ಕ್ಯಾನ್, ಅಲ್ಟ್ರಾಸೌಂಡ್ ಚಿತ್ರಗಳು ಮತ್ತು ವರದಿಗಳು.
(4) ಇತ್ತೀಚಿನ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ವರದಿ (ಚುಚ್ಚುಮದ್ದು ಅಗತ್ಯವಿದ್ದಲ್ಲಿ).
(5) ಸೇವಿಸುತ್ತಿರುವ ಮಾತ್ರೆಗಳ ಚೀಟಿ.

ವಿಜಯನಗರ ಜಿಲ್ಲೆಯು 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಗಿದೆ. ಹರಪನಹಳ್ಳಿ ತಾಲ್ಲೂಕು ಅದಕ್ಕೂ ಮುನ್ನ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಜಿಲ್ಲೆ ಅಥವಾ ತಾಲ್ಲೂಕಿನ ಹೆಸರು ಬೇರೆ ಇರಬಹುದು. ರೋಗಿಯ ಹೆಸರು ಮತ್ತು ವಯಸ್ಸು ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳಿತು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪರೀಕ್ಷೆಯಲ್ಲಿ ನೋವಾಗುತ್ತದೆಯೇ? ಎಷ್ಟು ಸಮಯ ಬೇಕು?
ಉತ್ತರ: ನೋವಾಗುವುದಿಲ್ಲ. ಸ್ಕ್ಯಾನ್ ಕೆಲವೇ ಸೆಕೆಂಡುಗಳದ್ದು. ಸಿದ್ಧತೆ ಸೇರಿ ಅರ್ಧ ಗಂಟೆಯವರೆಗೆ ಆಗಬಹುದು. ಚುಚ್ಚುಮದ್ದು ನೀಡಿದಾಗ ಮೈ ಬೆಚ್ಚಗಾದ ಅನುಭವವಾಗುವುದು ಸಹಜ. ಸ್ಕ್ಯಾನ್ ವೇಳೆ ಅಲುಗಾಡದೆ, ಹೇಳಿದಾಗ ಉಸಿರು ಹಿಡಿಯತಕ್ಕದ್ದು.

ಪ್ರಶ್ನೆ: ಹಳೆಯ ಸಾಮಾನ್ಯ ಸಿ.ಟಿ. ಚಿತ್ರದಿಂದ ದ್ವಿಶಕ್ತಿ ಮಾಹಿತಿ ಪಡೆಯಬಹುದೇ?
ಉತ್ತರ: ಸಾಧ್ಯವಿಲ್ಲ. ಪರೀಕ್ಷೆಯ ವೇಳೆಯೇ ಎರಡು ಶಕ್ತಿಗಳಲ್ಲಿ ಅಳೆದಿರಬೇಕು. ಎರಡು ಪದರಗಳ ಡಿಟೆಕ್ಟರ್ ಇರುವ ಯಂತ್ರದಲ್ಲಿ ತೆಗೆದ ಚಿತ್ರಕ್ಕೆ ಮಾತ್ರ, ಮೂಲ ಮಾಹಿತಿಯನ್ನು ಉಳಿಸಿಟ್ಟಿದ್ದಲ್ಲಿ, ವಿನಾಯಿತಿ ಇದೆ.

ಪ್ರಶ್ನೆ: ಇದು ಎಂ.ಆರ್.ಐ.ಗೆ ಬದಲಿಯೇ?
ಉತ್ತರ: ಅಲ್ಲ. ನರ, ಬೆನ್ನುಹುರಿ ಮತ್ತು ಮೃದು ಭಾಗಗಳ ಅನೇಕ ತೊಂದರೆಗಳಿಗೆ ಎಂ.ಆರ್.ಐ. ಪರೀಕ್ಷೆಯೇ ಸೂಕ್ತ.

ಪ್ರಶ್ನೆ: ಕಲ್ಲು ಮತ್ತೆ ಆಗದಂತೆ ತಡೆಯಲು ಏನು ಮಾಡಬೇಕು?
ಉತ್ತರ: ದಿನಕ್ಕೆ ಸುಮಾರು ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಬೇಕು. ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ನೀರು ಬೇಕು. ಉಪ್ಪು ಮತ್ತು ಮಾಂಸವನ್ನು ಮಿತಗೊಳಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.

ಪ್ರಶ್ನೆ: ವರದಿ ಬಂದ ನಂತರ ಏನು ಮಾಡಬೇಕು?
ಉತ್ತರ: ಚಿತ್ರಗಳನ್ನು ಸಿ.ಡಿ. ರೂಪದಲ್ಲಿಯೂ ಕೇಳಿ ಪಡೆದು, ಶಿಫಾರಸು ಮಾಡಿದ ವೈದ್ಯರಿಗೆ ತೋರಿಸತಕ್ಕದ್ದು. ಬಣ್ಣದ ಚಿತ್ರವನ್ನು ನೋಡಿ ತಾವೇ ತೀರ್ಮಾನಕ್ಕೆ ಬರಬಾರದು.

13. ವೈದ್ಯರನ್ನು ಕೇಳಬೇಕಾದ ಮೂರು ಪ್ರಶ್ನೆಗಳು

ಸ್ಕ್ಯಾನ್‌ಗಾಗಿ ದೂರದ ನಗರಕ್ಕೆ ಹೊರಡುವ ಮುನ್ನ ರೋಗಿ ಅಥವಾ ಅವರ ಮನೆಯವರು ಈ ಮೂರು ಪ್ರಶ್ನೆಗಳಿಗೆ ವೈದ್ಯರಿಂದ ಉತ್ತರ ಪಡೆಯತಕ್ಕದ್ದು:

(1) ಈ ಪರೀಕ್ಷೆಯಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?
(2) ಇಲ್ಲಿಯೇ ದೊರೆಯುವ ಸರಳ ಪರೀಕ್ಷೆಯಿಂದ ಇದೇ ಉತ್ತರ ದೊರೆಯುವುದೇ?
(3) ಪರೀಕ್ಷೆಗಾಗಿ ಕಾಯುವುದರಿಂದ ಅಪಾಯವಿದೆಯೇ?

ಈ ಪ್ರಶ್ನೆಗಳನ್ನು ಕೇಳುವುದು ರೋಗಿಯ ಹಕ್ಕಾಗಿದ್ದು, ಇದಕ್ಕೆ ಸಂಕೋಚಪಡಬೇಕಾಗಿಲ್ಲ. ಮೊದಲ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತಲ್ಲಿ ಪ್ರಯಾಣ ಮತ್ತು ವೆಚ್ಚ ಎರಡೂ ಸಾರ್ಥಕವಾಗುತ್ತವೆ.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಯೋಜನೆಗಳ ಸೌಲಭ್ಯ ಮತ್ತು ದರಗಳು ಕಾಲಕಾಲಕ್ಕೆ ಹೊರಡಿಸುವ ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುತ್ತವೆ.